ಹೆಸರು ಒಂದೇ, ಊರು ಬೇರೆ



ಎರಡು ಮಾಹಿತಿಗಳು ಎಷ್ಟು ಹೋಲುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಇದಕ್ಕೆ ಸಿದ್ಧ ಸಾಫ್ಟ್‌ವೇರ್ ಲೈಬ್ರರಿಗಳಿವೆ: ಪದಗಳಿಗೆ ರ‍್ಯಾಪಿಡ್‌ಫಜ್, ಅಂಕಿಗಳ ಸಾಲಿಗೆ ಸೈಪೈ. ಹೆಸರಿಗೆ ಹೆಚ್ಚು ಬಳಸುವ ಅಳತೆಯನ್ನು ರಷ್ಯಾದ ಗಣಿತಜ್ಞ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟರು. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಎಣಿಕೆ ಅದು.

ನಮ್ಮ ಸುರಪುರವನ್ನು ಇಂಗ್ಲಿಷಿನಲ್ಲಿ 6 ಅಕ್ಷರದ ಸುರ್ಪುರ್ ಎಂದೂ 8 ಅಕ್ಷರದ ಶೋರಾಪುರ್ ಎಂದೂ ಬರೆಯುತ್ತಾರೆ. ಅಂತರ 3. ದೇವಪ್ಪ, ದೇವಮ್ಮ ನಡುವೆ ಅಂತರ ಬರೀ 2. ಅಂದರೆ ಯಂತ್ರಕ್ಕೆ ಒಂದೇ ಊರು ದೂರ, ಇಬ್ಬರು ಮನುಷ್ಯರು ಹತ್ತಿರ! ಇನ್ನು ಶಹಾಪುರ ನಮ್ಮ ಜಿಲ್ಲೆಯಲ್ಲೂ ಇದೆ, ಬೆಳಗಾವಿಯಲ್ಲೂ ಇದೆ, ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲೂ ಇದೆ. ಅಂತರ ಸೊನ್ನೆ, ಊರು ಮೂರು. ಅದಕ್ಕೇ ಹೆಸರಿನ ಜೊತೆ ತಾಲೂಕು, ಪಿನ್‌ಕೋಡ್, ಹುಟ್ಟಿದ ದಿನಾಂಕಗಳನ್ನೂ ಅದರದರ ಅಳತೆಯಲ್ಲಿ ಹೋಲಿಸಬೇಕು.

ಎಷ್ಟು ಹೋಲಿದರೆ ‘ಒಬ್ಬರೇ’ ಎನ್ನಬೇಕು? ಆ ಗೆರೆ ಎಳೆಯುವವರು ನಮ್ಮಂಥವರು. ನಾನೇ ಒಮ್ಮೆ ಬಿಗಿಯಾಗಿ ಎಳೆದು, ಸರಿಯಾದ ಹೆಸರುಗಳೇ ತಿರಸ್ಕೃತವಾದವು. ಇಂಥ ತಪ್ಪಿಗೆ ಒಬ್ಬ ಅಜ್ಜಿಯ ಪಿಂಚಣಿ ನಿಲ್ಲಬಹುದು. ಅಂದಿನಿಂದ ಅನುಮಾನದ ಹೆಸರುಗಳನ್ನು ಮನುಷ್ಯರೇ ನೋಡುವಂತೆ ಮಾಡಿದ್ದೇನೆ.

ಪಾಲಕರಲ್ಲಿ ಒಂದು ವಿನಂತಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೆಸರು ಹೋಗುವ ಮೊದಲು ಆಧಾರ್ ಪಕ್ಕದಲ್ಲಿಟ್ಟು ಓದಿರಿ.

ಈ ಶಾಲೆಗೆ ಸೇರಿದ ದಿನ ಗುರುಗಳು ನನ್ನ ಹೆಸರು ಬರೆದುಕೊಂಡು, “ಯಾರ ಮಗನಪ್ಪಾ ನೀನು?” ಎಂದೂ ಕೇಳಿದ್ದರು. ಯಂತ್ರಕ್ಕೆ ನಾನು ಕಲಿಸುತ್ತಿರುವುದು ಆ ಎರಡನೇ ಪ್ರಶ್ನೆಯನ್ನೇ.