ಖಾಸಗಿ ಬ್ಯಾಂಕುಗಳೂ ಗಣಕಯಂತ್ರವೂ

(ಥುಕ್ಬಾದಲ್ಲಿ ಜರುಗಿದ ನಮ್ಮ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ಈ ಮರಳುನಾಡಿನಲ್ಲಿ ದುಡಿದು ಊರಿಗೆ ಹಣ ಕಳುಹಿಸುವ ತಮ್ಮೆದುರು ಬ್ಯಾಂಕುಗಳ ಕುರಿತು ಮಾತನಾಡಲು ಅವಕಾಶವಿತ್ತುದಕ್ಕೆ ಕೃತಜ್ಞನಾಗಿದ್ದೇನೆ. ಹೊಸ ತಂತ್ರಜ್ಞಾನದ ಬಗೆಗೆ ನಮ್ಮ ಖಾಸಗಿ ಬ್ಯಾಂಕುಗಳ ಧೋರಣೆ ಹೇಗಿತ್ತು, ಹೇಗಿರಬೇಕು ಎಂಬುದೇ ಇಂದಿನ ವಿಷಯ.

ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, ಹೀಗೆ ಮುಂದೆ ಈ ಹೆಸರುಗಳಿಂದ ಪ್ರಸಿದ್ಧವಾದ ಸಂಸ್ಥೆಗಳೆಲ್ಲ ಖಾಸಗಿಯಾಗಿಯೇ ಹುಟ್ಟಿದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿ, ಎರಡಾಣೆಯನ್ನೂ ಮನೆಬಾಗಿಲಲ್ಲಿ ಸಂಗ್ರಹಿಸಿತು. ಯಂತ್ರವಿರಲಿಲ್ಲ, ಗ್ರಾಹಕನ ಬಳಿಗೆ ಬ್ಯಾಂಕೇ ಹೋಗಬೇಕೆಂಬ ಮನೋಭಾವವಿತ್ತು.

1969 ಮತ್ತು 1980ರ ರಾಷ್ಟ್ರೀಕರಣಗಳ ತರುವಾಯ ಈ ಐದರಲ್ಲಿ ಖಾಸಗಿಯಾಗಿ ಉಳಿದದ್ದು ಕರ್ಣಾಟಕ ಬ್ಯಾಂಕು ಮಾತ್ರ. ಸಿ. ರಂಗರಾಜನ್ ಸಮಿತಿಯು 1984ರಲ್ಲಿ ಗಣಕೀಕರಣಕ್ಕೆ ದಾರಿ ತೋರಿದಾಗ, ಉದ್ಯೋಗ ಕಳೆದೀತೆಂಬ ಭಯ ನೌಕರವರ್ಗದಲ್ಲಿತ್ತು. ಅದು ನಿರಾಧಾರವೆಂದು ಅಂದು ಹೇಳುವಂತಿರಲಿಲ್ಲ. 1994ರಲ್ಲಿ ಸ್ಥಾಪಿತವಾದ ಎಚ್‌ಡಿಎಫ್‌ಸಿ, ಐಸಿಐಸಿಐ ಬ್ಯಾಂಕುಗಳಿಗಾದರೋ ಹಳೆಯ ಲೆಡ್ಜರುಗಳ ಹೊರೆಯಿರಲಿಲ್ಲ; ಅವು ಗಣಕದೊಡನೆಯೇ ಬೆಳೆದವು. ಹಳೆಯ ಬ್ಯಾಂಕುಗಳು ಶಾಖೆಯಿಂದ ಶಾಖೆಗೆ ಪುಸ್ತಕವನ್ನು ಯಂತ್ರಕ್ಕೆ ಇಳಿಸಬೇಕಾಯಿತು. 2000ದಲ್ಲಿ ಕರ್ಣಾಟಕ ಬ್ಯಾಂಕು ಇನ್ಫೋಸಿಸ್‌ನ ಫಿನಾಕಲ್ ವ್ಯವಸ್ಥೆಯನ್ನು ಅಳವಡಿಸಿಕೊಳ್ಳಲಾರಂಭಿಸಿತು. ಇಂತಹ ವ್ಯವಸ್ಥೆಯಿಂದ ಒಂದು ಶಾಖೆಯ ಗ್ರಾಹಕ ಇಡೀ ಬ್ಯಾಂಕಿನ ಗ್ರಾಹಕನಾಗುತ್ತಾನೆ.

ಆದರೆ ಯಂತ್ರ ಕೊಳ್ಳುವ ಉತ್ಸಾಹ ಅದನ್ನು ಕಾಪಾಡುವುದರಲ್ಲಿಯೂ ಇರಬೇಕು. ಪದೇ ಪದೇ ಸೇವೆ ಸ್ಥಗಿತಗೊಂಡುದಕ್ಕಾಗಿ 2020ರ ಡಿಸೆಂಬರಿನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಹೊಸ ಡಿಜಿಟಲ್ ಯೋಜನೆಗಳನ್ನು ರಿಸರ್ವ್ ಬ್ಯಾಂಕು ತಡೆಯಿತು. 2024ರ ಏಪ್ರಿಲಿನಲ್ಲಿ ಕೋಟಕ್ ಮಹೀಂದ್ರ ಬ್ಯಾಂಕು ಆನ್‌ಲೈನ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ಆಜ್ಞೆಯಾಯಿತು. ದೋಷಗಳು ಸರಿಹೋದ ಬಳಿಕ ಈ ನಿರ್ಬಂಧಗಳು 2022 ಮತ್ತು 2025ರಲ್ಲಿ ತೆರವಾದವು.

ಇನ್ನು ನಮ್ಮ ವಿಷಯ. ಸೌದಿ ಅರೇಬಿಯವೂ ಸೇರಿದಂತೆ ಹತ್ತು ದೇಶಗಳ ದೂರವಾಣಿ ಸಂಖ್ಯೆಯಿಂದಲೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಯುಪಿಐ ಬಳಸಲು 2023ರ ಜನವರಿಯಲ್ಲಿ ಅನುಮತಿ ದೊರೆಯಿತು. ಅನುಮತಿ ಬೇರೆ, ಆಚರಣೆ ಬೇರೆ. ಒಟಿಪಿ ಊರಿನ ಸಿಮ್ಮಿಗೇ ಬರುವುದಾದರೆ, ಆ ಸಿಮ್ಮು ನಿಂತ ದಿನ ನಮ್ಮ ಹಣ ನಮಗೇ ದೂರ. ಅದಕ್ಕೆಂದು ಸಿಮ್ಮನ್ನು ಊರಿನಲ್ಲಿ ಬೇರೆಯವರ ಕೈಗಿತ್ತು ಬರುವುದು ತಿಜೋರಿಯ ಬೀಗದಕೈ ಕೊಟ್ಟಂತೆ.

ಆದುದರಿಂದ ರಜೆಯಲ್ಲಿ ಊರಿಗೆ ಹೋದಾಗ ಮೂರು ಪ್ರಶ್ನೆ ಕೇಳಿರಿ: ನನ್ನ ಸೌದಿ ಸಂಖ್ಯೆ ನೋಂದಾಯಿತವಾಗಿದೆಯೇ? ನಾಮನಿರ್ದೇಶನ ಸರಿಯಿದೆಯೇ? ಮೊಬೈಲ್ ಬಳಸಲರಿಯದ ನನ್ನ ತಾಯಿಗೆ ಕೌಂಟರಿನಲ್ಲಿ ಇನ್ನೂ ಸೇವೆಯುಂಟೇ? ಮೂರನೆಯದಕ್ಕೆ ಇಲ್ಲವೆನ್ನುವ ಬ್ಯಾಂಕು ಎಷ್ಟೇ ಆಧುನಿಕವಾಗಿದ್ದರೂ ಎರಡಾಣೆಗಾಗಿ ಮನೆಬಾಗಿಲಿಗೆ ಬಂದ ಹಿರಿಯರ ಪರಂಪರೆಯನ್ನು ಮರೆತಂತೆಯೇ ಸರಿ.