ತಾಲೀಮಿಗೂ ಕರೆಯೋಣ

 

ಕಲ್ಯಾಣ ಕ್ರಾಂತಿಯ ನಾಟಕ ನೋಡದವರು ಈ ಸಭೆಯಲ್ಲಿ ಕಡಿಮೆ. ಎಳೆಹೂಟೆಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ಹೊರಡುವ ದೃಶ್ಯದಲ್ಲಿ ನಾವೆಲ್ಲ ಕಣ್ಣೊರೆಸಿಕೊಂಡಿದ್ದೇವೆ. ಇಂದಿನ ಮಾತಿನಲ್ಲಿ ಅವರು ನಿರಾಶ್ರಿತರು.

ಇಂದಿನ ನಿರಾಶ್ರಿತರೂ ದೂರವಿಲ್ಲ. ಚಳಿಗಾಲದಲ್ಲಿ ರಸ್ತೆ ಬದಿ ಸ್ವೆಟರ್ ಮಾರುವ ಟಿಬೆಟಿಯನ್ನರ ಹತ್ತಿರ ನಾವು ಚೌಕಾಸಿ ಮಾಡಿದವರೇ. 1966ರಲ್ಲಿ ಮುಂಡಗೋಡದಲ್ಲಿ ಅವರ ವಸಾಹತು ಆರಂಭವಾದಾಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ದಲೈ ಲಾಮಾ ಅವರು ನಿಜಲಿಂಗಪ್ಪನವರನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಇತ್ತ ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿದ್ದಾರೆ. ಬಹುಪಾಲು ನಾಮಶೂದ್ರರು, ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಗೆ ಸೇರಿದವರು. ಅವರ ಊರುಗಳಿಗೆ ಇಂದಿಗೂ ನಂಬರೇ ಹೆಸರು: ಆರ್.ಎಚ್. ಕ್ಯಾಂಪ್ 1, 2, 3. ಜಮೀನು ಸಿಕ್ಕಿತು, ಊರಿಗೊಂದು ಹೆಸರು ಸಿಗಲಿಲ್ಲ.

ಜಮೀನನ್ನು ಸರ್ಕಾರ ಕೊಡಬಹುದು. ನೆರೆಹೊರೆಯ ಬಳಕೆಯನ್ನು ನಾವೇ ಕೊಡಬೇಕು.

ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವರ ಕಥೆ ನಿಮಗೆ ಗೊತ್ತು. ಅಫ್ಘಾನಿಸ್ತಾನದಿಂದ ಬಂದವರು ಎನ್ನುತ್ತಾರೆ. ಬಸವಣ್ಣನವರ ಮಹಾಮನೆಯಲ್ಲೇ 12 ವರ್ಷ ಪ್ರಸಾದಕುಂಡದ ಬಳಿ ಇದ್ದರೂ ಯಾರೂ ಗುರುತಿಸಲಿಲ್ಲ; ಅಲ್ಲಮಪ್ರಭು ಬಂದು ಗುರುತಿಸಬೇಕಾಯಿತು. ಗಮನಿಸಿ, ಅವರಿಗೆ ಅನ್ನಕ್ಕೆ ಕೊರತೆಯಿರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲೂ ಹೀಗಾಯಿತೆಂದರೆ ನಮ್ಮ ಪಾಡೇನು?

ದೇಶ ಬಿಟ್ಟ 1959ರಲ್ಲೇ ಟಿಬೆಟಿಯನ್ನರು ಕಾಲಿಂಪಾಂಗ್‌ನಲ್ಲಿ ತಮ್ಮ ಸಂಗೀತ, ನಾಟಕಗಳಿಗಾಗಿ ಸಂಸ್ಥೆ ಕಟ್ಟಿಕೊಂಡರು. ತಲೆಯ ಮೇಲೆ ಸೂರಿಲ್ಲದ ಹೊತ್ತಿನಲ್ಲೂ ಅವರಿಗೆ ಕಲೆ ಬೇಕಾಯಿತು. ನಾವೂ ಆಗಾಗ ಇಂಥವರನ್ನು ಕರೆಸಿ ಕುಣಿಸಿ, ಶಾಲು ಹೊದಿಸಿ ಕಳಿಸುತ್ತೇವೆ. ಅದು ಸತ್ಕಾರ ನಿಜ, ಆದರೆ ಮರುದಿನ ಅವರ ಹೆಸರು ನಮಗೆ ನೆನಪಿರುವುದಿಲ್ಲ. ತಾಲೀಮು ಹಾಗಲ್ಲ. ತಿಂಗಳುಗಟ್ಟಲೆ ಒಟ್ಟಿಗೆ ಮಾತು ಒಪ್ಪಿಸಬೇಕು, ತಪ್ಪಬೇಕು, ಜಗಳವಾಡಬೇಕು, ನಗಬೇಕು. ಕನ್ನಡ ಬಾರದವನಿಗೆ ಕನ್ನಡ ಬರುವುದೂ ಅಲ್ಲೇ.

ಇದಕ್ಕೆ ಬೇಕಾದ ಅನುಭವ ನಮ್ಮ ಹೊಸದುರ್ಗ ತಾಲ್ಲೂಕಿನಲ್ಲೇ ಇದೆ. ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. 1997ರಿಂದ ಶಿವಸಂಚಾರ ನಾಡೆಲ್ಲ ತಿರುಗುತ್ತಿದೆ. ಹಳ್ಳಿಯ ಹುಡುಗ ಹುಡುಗಿಯರು ಜಾತಿ ಮರೆತು ಒಂದೇ ತಂಡವಾಗಿ ಬದುಕುವುದನ್ನು ನಾವು ಕಂಡಿದ್ದೇವೆ. ಆ ತಂಡ ಕ್ಯಾಂಪುಗಳಲ್ಲೂ ಆಡಲಿ ಎಂದು ವಿನಂತಿಸೋಣ. ನಮ್ಮ ಊರುಗಳ ಭಜನೆ, ಕೋಲಾಟ, ನಾಟಕದ ತಂಡಗಳೂ ಅಲ್ಲಿನ ಯುವಕ ಯುವತಿಯರನ್ನು ಕರೆಯಲಿ.

ಜಮೀನಿನ ತಕರಾರು, ಜಾತಿ ಪ್ರಮಾಣಪತ್ರದ ತೊಡಕು ನಾಟಕದಿಂದ ಬಗೆಹರಿಯುವುದಿಲ್ಲ. ಅದಕ್ಕೆ ಕಚೇರಿಗೇ ಹೋಗಬೇಕು. ಆದರೆ ಒಟ್ಟಿಗೆ ಬಣ್ಣ ಹಚ್ಚಿದವನು ಕಚೇರಿಗೂ ಜೊತೆಗೆ ಬಂದಾನು.

ನನ್ನದೊಂದು ಸಲಹೆ. ಮೊದಲು ಮರುಳಶಂಕರದೇವರ ಕಥೆಯನ್ನೇ ಆಡಿಸೋಣ. ಕ್ಯಾಂಪಿನ ಹುಡುಗನಿಗೆ ಆ ಪಾತ್ರ ಕೊಡಬೇಡಿ. ಯಾರೂ ಗುರುತಿಸದೆ ಮೂಲೆಯಲ್ಲಿ ಕೂರುವ ಪಾತ್ರವನ್ನು ನಮ್ಮೂರಿನ ಹುಡುಗ ಮಾಡಲಿ. ಬಂದ ಹುಡುಗ ಅಲ್ಲಮನಾಗಲಿ. ತಾಲೀಮಿನ ದಿನಗಳಲ್ಲಿ ಊಟದ ವ್ಯವಸ್ಥೆ ಹೇಗೆಂದು ಆಗಲೇ ಒಬ್ಬರು ಕೇಳಿದರು. ಮಠದ ದಾಸೋಹ ಇದೆ, ಎಲ್ಲರಿಗೂ ಒಂದೇ ಪಂಕ್ತಿ.