ಕುಳಿತಲ್ಲಿಯೇ ಪ್ರವಾಸ

ಡಿಸೆಂಬರ ತಿಂಗಳು ಬಂತೆಂದರೆ ನಮ್ಮ ಖಾನಾಪುರ ತಾಲೂಕಿನ ಹಾದಿಗಳಲ್ಲಿ ಶಾಲೆಯ ಹುಡುಗರ ಬಸ್ಸುಗಳು ಕಾಣತೊಡಗುತ್ತವೆ. ಕಿಡಕಿಯಿಂದ ಕೈ ಹೊರಗೆ ಚಾಚಿದ ಹುಡುಗರು, ಒಳಗಿನಿಂದ ಬೈಯುತ್ತಿರುವ ಮಾಸ್ತರರು, ಮೇಲೆ ಅಡಿಗೆಯ ಪಾತ್ರೆಗಳ ಗಂಟು. ಬೀಡಿಯ ಬಸ್‌ನಿಲ್ದಾಣದ ಹತ್ತಿರ ಚಹ ಕುಡಿಯುತ್ತ ನಿಂತವನಿಗೆ ಈ ನೋಟ ಹೊಸದಲ್ಲ. ನಾನೂ ಮೂವತ್ತು ವರ್ಷ ಆ ಬಸ್ಸಿನೊಳಗೆ ಕುಳಿತು ಬೈದವನೇ. ಆದ್ದರಿಂದ ಈ ಹೊತ್ತು ಬಸ್ಸು ಇಲ್ಲದ ಪ್ರವಾಸದ ಬಗ್ಗೆ ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನನಗೆ ಮೊದಲು ನಗು ಬಂತು. ಬುತ್ತಿ ಇಲ್ಲದೆ, ಧೂಳಿಲ್ಲದೆ, ವಾಂತಿ ಮಾಡಿಕೊಳ್ಳುವ ಒಬ್ಬ ಹುಡುಗನಾದರೂ ಇಲ್ಲದೆ, ಅದೆಂಥ ಪ್ರವಾಸ?

ಇಂಗ್ಲಿಷಿನಲ್ಲಿ ಇದಕ್ಕೆ ವರ್ಚುವಲ್ ಟೂರ್ ಎನ್ನುತ್ತಾರೆ. ನಾನು ಕುಳಿತಲ್ಲಿಯೇ ಪ್ರವಾಸ ಎಂದು ಕರೆಯುತ್ತೇನೆ. ಕಾಡನ್ನೋ ಕೋಟೆಯನ್ನೋ ಉದ್ಯಾನವನ್ನೋ ಕ್ಯಾಮರಾದಲ್ಲಿ ಸುತ್ತಲೂ ಸೆರೆಹಿಡಿದು ತಂದು, ತರಗತಿಯ ಪರದೆಯ ಮೇಲೆ ಇಲ್ಲವೆ ಮೊಬೈಲಿನಲ್ಲಿ ತೋರಿಸುವುದು. ಈ ಕ್ಯಾಮರಾಕ್ಕೆ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಮಸೂರಗಳಿರುತ್ತವೆ. ಒಂದು ಮುಂದಿನ ಅರ್ಧ ಜಗತ್ತನ್ನು ನೋಡಿದರೆ ಇನ್ನೊಂದು ಹಿಂದಿನ ಅರ್ಧವನ್ನು ನೋಡುತ್ತದೆ. ಎರಡೂ ಚಿತ್ರಗಳನ್ನು ಯಂತ್ರವೇ ಹೊಲಿದು ಒಂದು ಗೋಲವನ್ನಾಗಿ ಮಾಡುತ್ತದೆ. ನೋಡುವವನು ಆ ಗೋಲದ ನಡುವೆ ನಿಂತಂತೆ ತಲೆಯೆತ್ತಿದರೆ ಆಕಾಶ, ತಿರುಗಿದರೆ ಹಿಂದಿನ ಗೋಡೆ.

ಆದರೆ ಮೂಲ ವಿಚಾರ ಹಳೆಯದೇ. ಜಾತ್ರೆಯಲ್ಲಿ ಬಯಸ್ಕೋಪದ ಪೆಟ್ಟಿಗೆಯವನು ಬರುತ್ತಿದ್ದದ್ದನ್ನು ನನ್ನ ವಯಸ್ಸಿನವರು ಮರೆತಿರಲಾರರು. ನಾಲ್ಕಾಣೆಯನ್ನೋ ಎರಡಾಣೆಯನ್ನೋ ಕೊಟ್ಟು, ಮಂಡಿಯೂರಿ, ತೂತಿಗೆ ಕಣ್ಣು ಹಚ್ಚಿದರೆ ದಿಲ್ಲಿಯೂ ಮುಂಬಯಿಯೂ ಕಾಣುತ್ತಿದ್ದವು. ಇನ್ನು ಆಕಾಶವಾಣಿಯ ಮಾತು. 1950ರ ಜನವರಿ 8ರಂದು ಧಾರವಾಡ ನಿಲಯ ಆರಂಭವಾಯಿತು. ಕಣ್ಣಿಗೆ ಏನನ್ನೂ ತೋರಿಸದೆ, ಬರಿಯ ದನಿಯಿಂದ ಊರೂರುಗಳನ್ನು ತಿರುಗಿಸಿಕೊಂಡು ಬರುವ ವಿದ್ಯೆಯನ್ನು ರೇಡಿಯೋದವರು ನಮಗೆ ಆಗಲೇ ಕಲಿಸಿದ್ದರು. ಮುಂದೆ 1975ರ ಆಗಸ್ಟಿನಿಂದ ಒಂದು ವರ್ಷ ಅಮೇರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಜನ್ ಪಾಠ ತೋರಿಸಿದರು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ಬಂತು. 2004ರ ಸೆಪ್ಟೆಂಬರಿನಲ್ಲಿ ನಮ್ಮವರೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿದರು. ಅದನ್ನು ಮೊದಲು ಬಳಸಿ ನೋಡಿದವರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಸೇರಿದ್ದವು. ಹೀಗಾಗಿ ಈ ವಿದ್ಯೆ ಎಲ್ಲಿಂದಲೋ ನಿನ್ನೆ ಬಂದಿಳಿದದ್ದೆಂದು ಹೆದರುವ ಕಾರಣವಿಲ್ಲ.

2020ರ ಮಾರ್ಚಿನಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದವು. ಆಗ ಪರದೆಯ ಮೇಲಿನ ಪಾಠದ ಸುಖದುಃಖಗಳೆರಡನ್ನೂ ಎಲ್ಲರೂ ಕಂಡೆವು. ಮೊಬೈಲಿಗೆ ಸಂಪರ್ಕ ಸಿಗಲೆಂದು ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕುಳಿತರು. ಸುತ್ತಲೂ ಕಾಡಿದೆ, ಹಕ್ಕಿ ಕೂಗುತ್ತಿದೆ. ಹುಡುಗನು ಮಾತ್ರ ಅಂಗೈಯಗಲದ ಗಾಜಿನಲ್ಲಿ ಕಾಡಿನ ಪಾಠ ಕೇಳುತ್ತಿದ್ದಾನೆ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಈಗ ನಮ್ಮ ಸೀಮೆಯ ಮಾತಿಗೆ ಬರುತ್ತೇನೆ. ಬೀಡಿಯಲ್ಲಿ ನಿಂತು ಸುತ್ತ ನೋಡಿದರೆ ಸಾಕು, ಇತಿಹಾಸಕ್ಕೂ ನಿಸರ್ಗಕ್ಕೂ ಕೊರತೆಯಿಲ್ಲ. 1830ರಲ್ಲಿ ಸಂಗೊಳ್ಳಿ ರಾಯಣ್ಣನ ದಂಡು ಬೆಂಕಿ ಇಟ್ಟದ್ದು ಇದೇ ಬೀಡಿಯ ಸರಕಾರಿ ಕಚೇರಿಗೆ. ಅವನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡ ನಮ್ಮ ತಾಲೂಕಿನದೇ. ಆಚೆ ಕಿತ್ತೂರು, ಈಚೆ ಹಲಸಿ, ಪಡುವಣಕ್ಕೆ ಭೀಮಗಡದ ಕಾಡು, ಕಣಕುಂಬಿಯಲ್ಲಿ ಮಲಪ್ರಭೆಯ ಉಗಮ. ಆದರೂ ನಮ್ಮ ಹುಡುಗರು ಬಸ್ಸು ಹತ್ತಿ ಹೋಗುವುದು ಮೈಸೂರಿಗೆ, ಗೋವೆಗೆ, ಕಡಲ ದಂಡೆಗೆ. ತಪ್ಪೆನ್ನಲಾರೆ. ದೂರದ ಊರು ನೋಡುವ ಆಸೆ ಯಾರಿಗಿಲ್ಲ? ಆದರೆ ಖರ್ಚು ಎಲ್ಲ ತಾಯಿತಂದೆಗಳಿಗೆ ನಿಲುಕುವುದಿಲ್ಲ. ತರಗತಿಯಲ್ಲಿ ನಾಲ್ವತ್ತು ಮಕ್ಕಳಿದ್ದರೆ ಬಸ್ಸಿನಲ್ಲಿ ಇಪ್ಪತ್ತೈದು. ಉಳಿದ ಹದಿನೈದು ಮಂದಿ ಆ ನಾಲ್ಕು ದಿನ ದನದ ಹಿಂದೆಯೋ ತಮ್ಮನ ತೊಟ್ಟಿಲ ಹತ್ತಿರವೋ ಇರುತ್ತಾರೆ. ಅಪಾಯದ ಮಾತಂತೂ ಆಡಲೇಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಹೋದರು. ಆ ಸುದ್ದಿ ಓದಿದ ರಾತ್ರಿ ನನ್ನಂಥ ಹಳೆಯ ಮಾಸ್ತರರಿಗೆ ನಿದ್ದೆ ಬಂದಿರಲಾರದು. ಎಣಿಸಿ ಹತ್ತಿಸಿದ ಮಕ್ಕಳನ್ನು ಎಣಿಸಿ ಇಳಿಸುವವರೆಗೆ ನಮ್ಮ ಜೀವ ನಮ್ಮ ಕೈಯಲ್ಲಿರುವುದಿಲ್ಲ.

ನಾನು ಕೆಲಸದಲ್ಲಿದ್ದಾಗ ನಡೆದ ಒಂದು ಸಂಗತಿ ಇನ್ನೂ ಚುಚ್ಚುತ್ತದೆ. ಒಂದು ಕೋಟೆಗೆ ಮಕ್ಕಳನ್ನು ಕರೆದೊಯ್ದಿದ್ದೆ. ಅವರಲ್ಲೊಬ್ಬಳು ಕಾಲಿನಲ್ಲಿ ಬಲವಿಲ್ಲದ ಹುಡುಗಿ. ಮೆಟ್ಟಿಲು ಬಹಳ. ಬಸ್ಸಿನಲ್ಲಿಯೇ ಕುಳಿತಿರು ಯವ್ವಾ, ಲಗೂನೇ ಬರುತ್ತೇವೆ ಎಂದೆ. ಮೂರು ತಾಸು ಕಳೆದು ಬಂದಾಗ ಅವಳು ಎಲ್ಲರ ಬುತ್ತಿಗಂಟುಗಳನ್ನೂ ಕಾಯುತ್ತ ಕುಳಿತಿದ್ದಳು. ಏನನ್ನೂ ಕೇಳಲಿಲ್ಲ. ಕೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಿವೃತ್ತನಾದ ಮೇಲೆ ನೆರೆಯ ಶಾಲೆಯೊಂದರ ತರುಣ ಗುರುಗಳು ನನ್ನನ್ನು ಹಲಸಿಯ ಪ್ರವಾಸಕ್ಕೆ ಜೊತೆಗೆ ಕರೆದರು. ಆ ತರಗತಿಯಲ್ಲಿಯೂ ಅಂಥದೇ ಒಬ್ಬ ಹುಡುಗಿ. ಆ ಗುರುಗಳು ಒಂದು ಉಪಾಯ ಮಾಡಿದರು. ಅರ್ಧ ಮಕ್ಕಳು ಹಲಸಿಗೆ, ಉಳಿದವರು ಆ ಹುಡುಗಿಯೊಂದಿಗೆ ಶಾಲೆಯಲ್ಲಿ. ಎರಡು ಮೊಬೈಲುಗಳು ಮತ್ತು ಶಾಲೆಯ ಗೋಡೆಯ ಮೇಲೆ ಒಂದು ಪರದೆ. ಅಲ್ಲಿ ಹೋದವರು ಇಲ್ಲಿದ್ದವರ ಕಣ್ಣು. ಇಲ್ಲಿದ್ದವರು ಅಲ್ಲಿ ಹೋದವರ ತಲೆ. ಎಲ್ಲಿ ಹೋಗಬೇಕು, ಯಾವುದನ್ನು ಹತ್ತಿರದಿಂದ ತೋರಿಸಬೇಕು ಎಂದು ಶಾಲೆಯಲ್ಲಿ ಕುಳಿತವರೇ ಹೇಳಬೇಕು.

ಹಲಸಿಯೆಂದರೆ ಹಲಸಿನ ಹಣ್ಣಿನ ಊರೆಂದು ಅನೇಕರು ತಿಳಿಯುತ್ತಾರೆ. ಅಲ್ಲ. ಬನವಾಸಿಯ ಕದಂಬರ ಕಾಲದಲ್ಲಿ ಇದರ ಹೆಸರು ಪಲಾಶಿಕಾ. ಪಲಾಶವೆಂದರೆ ನಮ್ಮ ಮುತ್ತುಗದ ಮರ. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಲಸಿಗೆ ಹಲಸಿಗೆಯಾಗಿ ಹಲಸಿಯಾಯಿತು. ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿತ್ತು. ಇಲ್ಲಿ ಸಿಕ್ಕ ತಾಮ್ರಪಟಗಳನ್ನು ಫ್ಲೀಟ್ ಎಂಬ ವಿದ್ವಾಂಸರು 19ನೆಯ ಶತಮಾನದಲ್ಲಿ ಓದಿ ಪ್ರಕಟಿಸಿದರು. ಅವುಗಳಲ್ಲಿ ಒಂದು ಕಾಕುಸ್ಥವರ್ಮನದು. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಅವನು ಭೂಮಿ ಕೊಟ್ಟ ಸಂಗತಿ ಅದರಲ್ಲಿದೆ. ಮೃಗೇಶವರ್ಮನು ಇಲ್ಲಿ ಜಿನಾಲಯ ಕಟ್ಟಿಸಿದ ವಿಷಯ ಇನ್ನೊಂದರಲ್ಲಿ. ಮುಂದೆ ಗೋವೆಯ ಕದಂಬರ ಕಾಲಕ್ಕೆ, 12ನೆಯ ಶತಮಾನದಲ್ಲಿ, ಈಗ ನಾವು ನೋಡುವ ಭೂವರಾಹ ನರಸಿಂಹ ದೇವಾಲಯ ಎದ್ದಿತು.

ಅರ್ಚಕರ ಅಪ್ಪಣೆ ಪಡೆದು ಹುಡುಗರು ಒಳಗೆ ಹೋದರು. ಎಲ್ಲರೂ ನರಸಿಂಹನ ಮುಂದೆ ನಿಂತು ಮೊಬೈಲು ಎತ್ತಿ ಹಿಡಿದರು. ಶಾಲೆಯ ಪರದೆಯ ಮೇಲೆ ಚಿತ್ರ ಬಂದಾಗ ಇಲ್ಲಿಂದ ಆ ಹುಡುಗಿಯ ದನಿ:

“ಸರ, ಅವರ ಬೆನ್ನ ಹಿಂದ ಏನೈತ್ರೀ?”

ಗುರುಗಳು ಆ ಕಡೆಗೆ ಹೇಳಿದರು. ಹುಡುಗ ಮೊಬೈಲು ತಿರುಗಿಸಿದ. ಎದುರಿನಲ್ಲಿ ಇನ್ನೊಂದು ಗರ್ಭಗುಡಿ, ಅದರಲ್ಲಿ ಭೂವರಾಹ! ಈ ಗುಡಿಯ ವಿಶೇಷವೇ ಅದು, ಎರಡು ಗರ್ಭಗುಡಿಗಳು ಒಂದಕ್ಕೊಂದು ಮುಖ ಮಾಡಿ ನಿಂತಿವೆ. ನಡುವೆ ನಿಂತವರು ಒಂದು ದೇವರಿಗೆ ಕೈ ಮುಗಿಯುವಾಗ ಇನ್ನೊಂದು ದೇವರಿಗೆ ಬೆನ್ನು ಕೊಟ್ಟಿರುತ್ತಾರೆ. ಅಲ್ಲಿಗೇ ಹೋಗಿದ್ದ ಇಪ್ಪತ್ತು ಹುಡುಗರಿಗೂ ನನಗೂ ಆ ಹೊತ್ತಿಗೆ ತೋಚದ ಪ್ರಶ್ನೆ ದೂರ ಕುಳಿತವಳಿಗೆ ತೋಚಿತು. ಆಮೇಲೆ ಅವಳದೇ ಅಧಿಕಾರ. ಕಂಬ ತೋರಸ್ರಿ, ಮ್ಯಾಲಿನ ಕಲ್ಲ ತೋರಸ್ರಿ, ಇನ್ನೂ ಸನೇಕ ಹೋಗ್ರಿ! ನಡುವೆ ಎರಡು ಸಲ ಸಂಪರ್ಕ ಕಡಿದುಹೋಯಿತು. ಪರದೆಯ ಮೇಲೆ ಹುಡುಗನೊಬ್ಬನ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಟ್ಟಿತು. ಇಡೀ ತರಗತಿ ನಕ್ಕಿತು. ಆ ನಗೆಯೂ ಪ್ರವಾಸದ ಭಾಗವೇ ಎನ್ನಿ.

ಸಂಜೆ ಹಲಸಿಯಿಂದ ಮರಳಿದವರು ಮುತ್ತುಗದ ಎಲೆಗಳನ್ನು ತಂದು ಅವಳ ಕೈಯಲ್ಲಿಟ್ಟರು. ಅದು ಒಳ್ಳೆಯದಾಯಿತು. ಏಕೆಂದರೆ ಪರದೆಗೆ ವಾಸನೆ ಇಲ್ಲ, ಮುಟ್ಟಿದರೆ ಒರಟುತನವಿಲ್ಲ. ಗರ್ಭಗುಡಿಯ ತಂಪು, ಬಾವಲಿಯ ಹಿಕ್ಕೆಯ ನಾತ, ಕಾಲಿಗೆ ಚುಚ್ಚುವ ಕಲ್ಲು ಇವೆಲ್ಲ ಅಲ್ಲಿ ಹೋದವರ ಪಾಲಿಗೆ ಮಾತ್ರ. ಮುತ್ತುಗದ ಎಲೆ ಮೂರು ಮೂರಾಗಿ ಬರುತ್ತದೆಂಬುದನ್ನು ಚಿತ್ರದಲ್ಲಿ ತೋರಿಸಬಹುದು; ಅದನ್ನು ಪತ್ರಾವಳಿಗೆ ಹಚ್ಚುವಾಗ ಕಡ್ಡಿ ಹೇಗೆ ಹಿಡಿಯಬೇಕೆಂಬುದನ್ನು ಬೆರಳು ಕಲಿಯಬೇಕು.

ಹಾಗಾದರೆ ಪರದೆಯ ಪ್ರವಾಸ ಎರಡನೆಯ ದರ್ಜೆಯದೇ? ಬಹಳ ಕಾಲ ನಾನು ಹಾಗೆಯೇ ತಿಳಿದಿದ್ದೆ. ಈ ತಿಳಿವಳಿಕೆಯನ್ನು ಬದಲಿಸಿದ್ದು ಒಂದು ಬಾವಲಿ.

ಭೀಮಗಡದ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 190 ಚದರ ಕಿಲೋಮೀಟರಿನ ಈ ಧಾಮದಲ್ಲಿ, ತಳೇವಾಡಿಯ ಆಸುಪಾಸಿನಲ್ಲಿ ಬಾರಾಪೇಡೆ ಎಂಬ ಗುಹೆಗಳಿವೆ. ಅಲ್ಲಿ ರೌಟನ್ನನ ಬಾವಲಿ ಎಂಬ ಅಪರೂಪದ ಬಾವಲಿ ವಾಸವಾಗಿದೆ. ದೊಡ್ಡ ದೊಡ್ಡ ಕಿವಿಗಳು, ಚರ್ಮದ ಹೊರಗೆ ಚಾಚಿದ ಬಾಲ. 1913ರಲ್ಲಿ ಥಾಮಸ್ ಎಂಬ ವಿಜ್ಞಾನಿ ಅದಕ್ಕೆ ಹೆಸರಿಟ್ಟ. ರೌಟನ್ ಎಂಬವನು ಮುಂಬಯಿ ಪ್ರಾಂತದ ಕಾಡಿನ ಅಧಿಕಾರಿಯಾಗಿದ್ದವನು. ಆಮೇಲೆ ಎಂಬತ್ತು ವರ್ಷಗಳಿಗೂ ಮಿಕ್ಕಿ, ಜಗತ್ತಿನಲ್ಲಿ ಈ ಬಾವಲಿ ಇರುವ ಠಾವು ಇದೊಂದೇ ಎಂದು ವಿದ್ವಾಂಸರು ನಂಬಿದ್ದರು. ಅನಂತರ ಮೇಘಾಲಯದಲ್ಲಿಯೂ ಕಾಂಬೋಡಿಯಾದಲ್ಲಿಯೂ ಅದು ಕಂಡುಬಂತು. ನಮ್ಮ ವನ್ಯಜೀವಿ ಕಾಯಿದೆ ಅದಕ್ಕೆ ಅತಿ ಹೆಚ್ಚಿನ ರಕ್ಷಣೆ ಕೊಟ್ಟಿದೆ.

ಇಂಥ ಗುಹೆಗೆ ನಾಲ್ವತ್ತು ಹುಡುಗರನ್ನು ಕರೆದೊಯ್ಯಬಹುದೇ? ಬಾರದು. ಬ್ಯಾಟರಿಯ ಬೆಳಕು, ಕೂಗಾಟ, ಒಬ್ಬನು ಎಸೆದ ಕಲ್ಲು. ಹಗಲು ಮಲಗಿದ ಬಾವಲಿಗಳು ಬೆದರಿ ಏಳುತ್ತವೆ. ಪದೇ ಪದೇ ಹಾಗಾದರೆ ಠಾವನ್ನೇ ಬಿಟ್ಟಾವು. ನಮ್ಮ ತಾಲೂಕಿನ ಹೆಸರನ್ನು ಜಗತ್ತಿನ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಬರೆಸಿದ ಜೀವ ಅದು. ಅದನ್ನು ನಮ್ಮ ಮಕ್ಕಳು ತಿಳಿಯಲೂ ಬೇಕು, ಅದರ ಹತ್ತಿರ ಹೋಗಲೂ ಬಾರದು. ಇಲ್ಲಿ ಪರದೆ ಬಸ್ಸಿಗೆ ಬದಲಿಯಲ್ಲ. ಇಲ್ಲಿ ಅದೊಂದೇ ದಾರಿ. ಅಮೇರಿಕದಲ್ಲಿ 2016ರಲ್ಲಿ, ಅಲ್ಲಿಯ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ನೂರು ವರ್ಷ ತುಂಬಿದಾಗ, ಐದು ಉದ್ಯಾನಗಳನ್ನು ಹೀಗೆ ಸುತ್ತಲೂ ಚಿತ್ರಿಸಿ ಜಗತ್ತಿಗೆಲ್ಲ ಬಿಟ್ಟರು. ಅವುಗಳಲ್ಲಿ ಒಂದು ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಗುಹೆ. ಅಲ್ಲಿಯ ಬಾವಲಿಗಳು ನಮ್ಮ ಬಾರಾಪೇಡೆಯ ಬಾವಲಿಯ ದಾಯಾದಿಗಳೇ, ಒಂದೇ ಕುಲ. ಅದನ್ನು ನಮ್ಮ ಹುಡುಗರು ನೋಡಬಲ್ಲರು. ಹತ್ತಿರದ ಬಾರಾಪೇಡೆಯನ್ನೂ ಹಾಗೆ ನೋಡುವಂತಾದರೆ ಎಷ್ಟು ಚೆನ್ನ! ಅರಣ್ಯ ಇಲಾಖೆಯವರು, ಬಾವಲಿಯ ಅಭ್ಯಾಸ ಬಲ್ಲವರು, ಒಂದೇ ಸಲ ಜೋಪಾನವಾಗಿ ಹೋಗಿ ಬಂದರೆ ಸಾವಿರ ಶಾಲೆಗಳಿಗೆ ಸಾಕು. ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಚಿಣ್ಣರ ವನದರ್ಶನವನ್ನು ಇಲಾಖೆಯವರು ನಡೆಸಿದ್ದಾರಷ್ಟೆ. ಅದರ ಜೊತೆಗೆ ಇದೂ ಒಂದು ಇರಲಿ.

ಕಾಲಿಗೆ ನಿಲುಕದ ಇನ್ನೊಂದು ನೋಟವೂ ನಮ್ಮ ಸೀಮೆಯಲ್ಲಿದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮೂಡಣಕ್ಕೆ ತಿರುಗಿ, ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಡುವಣಕ್ಕಿಳಿದು ಗೋವೆಯ ಕಡಲಿಗೆ ಹೋಗುತ್ತಾಳೆ. ಒಂದೇ ಮಳೆಯ ನೀರು ಎರಡು ಸಮುದ್ರಗಳ ಪಾಲು! ಕಣಕುಂಬಿಯಲ್ಲಿ ನಿಂತ ಹುಡುಗನಿಗೆ ತೀರ್ಥದ ಕೊಳ ಕಂಡೀತು, ಈ ನೀರ ಪಾಲುಪಟ್ಟಿ ಕಾಣಲಾರದು. ಉಪಗ್ರಹದ ಚಿತ್ರವನ್ನು ಪರದೆಯ ಮೇಲೆ ಹಾಕಿ ಬೆರಳಿಟ್ಟು ಹೋದರೆ ಐದು ನಿಮಿಷದಲ್ಲಿ ಕಾಣುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಶಾಲೆಯ ಮಕ್ಕಳಿಗೆಂದೇ ಗೂಗಲ್ ಕಂಪನಿಯವರು 2015ರಲ್ಲಿ ಇಂಥ ಪ್ರವಾಸಗಳ ಒಂದು ದೊಡ್ಡ ಸಂಗ್ರಹವನ್ನು ಆರಂಭಿಸಿದರು. ರಟ್ಟಿನ ಕನ್ನಡಕದಲ್ಲಿ ಮೊಬೈಲು ಸಿಕ್ಕಿಸಿ ನೋಡುವ ವ್ಯವಸ್ಥೆ. 2021ರಲ್ಲಿ ಅದನ್ನು ಮುಚ್ಚಿದರು. ಅದನ್ನೇ ನಂಬಿ ಪಾಠ ಕಟ್ಟಿದ ಗುರುಗಳು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಎರವಲು ಎತ್ತಿನಿಂದ ಬಿತ್ತಿದರೆ ಹೀಗೇ. ಇದಲ್ಲದೆ, ದೂರದ ಕಂಪನಿಯ ಸಂಗ್ರಹದಲ್ಲಿ ಹಲಸಿ ಏಕೆ ಬಂದೀತು? ಖಾನಾಪುರದ ಹಂಚಿನ ಭಟ್ಟಿ, ಅಲ್ಲಿಯ ಕುಂಬಾರಿಕೆಯ ತರಬೇತಿ ಸಂಸ್ಥೆ, ನಂದಗಡದಲ್ಲಿ ರಾಯಣ್ಣನ ಸಮಾಧಿಯ ಬಳಿಯ ಆಲದ ಮರ ಇವನ್ನು ನಾವೇ ಚಿತ್ರಿಸಿ ನಮ್ಮ ಶಾಲೆಯಲ್ಲಿಯೇ ಇಟ್ಟುಕೊಳ್ಳಬೇಕು. ಮಾತು ಕನ್ನಡದಲ್ಲಿರಲಿ, ನಮ್ಮ ತಾಲೂಕಿನ ಮರಾಠಿ ಶಾಲೆಯ ಮಕ್ಕಳಿಗಾಗಿ ಮರಾಠಿಯಲ್ಲಿಯೂ ಇರಲಿ. ಆಲದ ಮರಕ್ಕೂ ಬಾವಲಿಗೂ ಭಾಷೆಯ ಜಗಳ ಗೊತ್ತಿಲ್ಲ.

ಬಸ್ಸನ್ನು ನಿಲ್ಲಿಸಿರೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮಕ್ಕಳು ನನ್ನನ್ನು ಬೀಡಿಯಲ್ಲಿ ತಿರುಗಾಡಗೊಡಲಾರರು. ಪರದೆಯ ಮೇಲೆ ಮೊದಲು ನೋಡಿ, ಪ್ರಶ್ನೆ ಕಟ್ಟಿಕೊಂಡು ಹೋದ ಮಕ್ಕಳು ಅಲ್ಲಿ ಬೇರೆಯೇ ಬಗೆಯಾಗಿ ನೋಡುತ್ತಾರೆಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಏನೂ ತಿಳಿಯದೆ ಹೋದವರು ಮೊದಲು ಹುಡುಕುವುದು ಐಸ್‌ಕ್ರೀಮಿನ ಅಂಗಡಿಯನ್ನು.

ಆ ತರುಣ ಗುರುಗಳು ಮುಂದಿನ ಸಲ ಬೆಳಗಾವಿಯ ಕೋಟೆಗೆ ಹೋಗುವವರಿದ್ದಾರೆ. ಅಲ್ಲಿ 1204ರಲ್ಲಿ ರಟ್ಟರ ಮಂತ್ರಿ ಬೀಚಿರಾಜ ಕಟ್ಟಿಸಿದ ಕಮಲ ಬಸದಿ ಇದೆ. ಅದರ ಮೇಲ್ಛಾವಣಿಯಿಂದ ಕೆಳಗಿಳಿದ ಕಲ್ಲಿನ ಕಮಲವನ್ನು ನೋಡುವಾಗ ಕತ್ತು ನೋಯುತ್ತದೆ. ಮೊನ್ನೆ ಶಾಲೆಯ ಕಡೆಗೆ ಹೋದಾಗ ಆ ಹುಡುಗಿ ನನ್ನನ್ನು ಕರೆದು ಕೇಳಿದಳು:

“ಅಜ್ಜಾರ, ಬಸದಿಗೆ ಎಷ್ಟ ಮೆಟ್ಟಲ ಅದಾವ್ರಿ?”

ನನಗೆ ನೆನಪಿರಲಿಲ್ಲ. ಬರುವ ರವಿವಾರ ಬೆಳಗಾವಿಗೆ ಹೋಗುವ ಕೆಲಸವಿದೆ, ಎಣಿಸಿಕೊಂಡು ಬರುತ್ತೇನೆಂದು ಹೇಳಿದ್ದೇನೆ. ಕಡಿಮೆ ಇದ್ದರೆ ಈ ಸಲ ಅವಳೂ ಬಸ್ಸಿನಲ್ಲಿ ಬರುತ್ತಾಳೆ.